ಕಿಂಡಿಯಲ್ಲಿ ಕಂಡ ಮದುವೆ

ಲೋಕದ ಫೋಟೋಗ್ರಾಫರರೆಲ್ಲ ಸಾಲುಗಟ್ಟಿದ್ದ ಸ್ಟುಡಿಯೋದಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವನ ಕೊರಳಲ್ಲಿ ಮುತ್ತಜ್ಜನ ಕಾಲದ ಕ್ಯಾಮೆರಾ. ನನ್ನಂಥ ಕಿವಿ ಏಳು ಲೋಕದಲ್ಲಿಲ್ಲ, ಒಂದಕ್ಷರವೂ ತಪ್ಪಲಿಲ್ಲ.

“ರೀ, ನಮ್ಮಕ್ಕನ ಮದುವೆ ಫೋಟೋ ರೋಲೆಲ್ಲ ಖಾಲಿಯಂತೆ, ಒಂದು ಚಿತ್ರವೂ ಬಂದಿಲ್ಲವಂತೆ.”

“ಸಾಧ್ಯವೇ ಇಲ್ಲ! ವ್ಯೂಫೈಂಡರ್ ಗಾಜು ಉಜ್ಜಿಸಿದ್ದೆ. ಮದುಮಗಳ ಮೂಗಿನ ಬೆವರೂ ಕಾಣ್ತಿತ್ತು.”

“ಕಾಣದೆ ಏನು? ನೀವು ನೋಡೋ ಕಿಂಡಿ ಬೇರೆ, ಫೋಟೋ ತೆಗೆಯೋ ಲೆನ್ಸು ಬೇರೆ. ಲೆನ್ಸಿನ ಮುಚ್ಚಳ ತೆಗೆದಿದ್ರಾ?”

“ಬೆಳಕು ಅಷ್ಟು ಚೆನ್ನಾಗಿತ್ತಲ್ಲೇ…”

“ಬೇರೆ ಫೋಟೋಗ್ರಾಫರ್ ಬೇಡ ಅಂತ ಓಡಿಸಿದ್ದೂ ನೀವೇ. ಅಕ್ಕನಿಗೇನು ಹೇಳ್ಲಿ?”

“ಇಬ್ಬರನ್ನೂ ನಿಲ್ಲಿಸಿ ಮತ್ತೆ ತೆಗೀತೀನಿ ಅನ್ನು.”

“ಭಾವ ಹಡಗಿನ ಕೆಲಸಕ್ಕೆ ಹೊರಟಾಯ್ತು.”

ಬಾಗಿಲಲ್ಲಿ ಅವನು ಕ್ಯಾಮೆರಾ ಕಣ್ಣಿಗೇರಿಸಿದ. “ಆಹಾ, ನಿನ್ನ ಕೋಪ ಎಷ್ಟು ಸ್ಪಷ್ಟ!”

“ಮುಚ್ಚಳ,” ಎಂದವಳೇ ಹೊರಟುಹೋದಳು.