ಸುಮಯ್ಯಳ ಪೆಟ್ಟಿಗೆ

ಓದುವಾಗ ಸುಮಯ್ಯಂಗೆ ಕೈಯಲ್ಲೊಂದು ಮೂಳೆ ಇರ್ಲೇಬೇಕಿತ್ತು ಕಣೇ ಚಿನ್ನು, ನಾವು ಪೆನ್ನು ತಿರುಗಿಸಲ್ವಾ, ಹಾಗೆ ಬೆರಳ ಮಧ್ಯೆ ತಿರುಗಿಸ್ತಾ ಇರೋಳು. ನಿಜವಾದ ಮೂಳೇನೇ. ಮುಖ ಹಾಗೆ ಮಾಡ್ಬೇಡ, ಮುಂದಿನ ವಾರ ನೀನೂ ಮೆಡಿಕಲ್ ಸೇರ್ತೀಯಲ್ಲ, ನಿಂಗೂ ಯಾರೋ ಸೀನಿಯರ್ ಒಂದು ಚೀಲ ಮೂಳೆ ಕೊಡ್ತಾರೆ, ವರ್ಷವೆಲ್ಲ ಜೋಪಾನ ಮಾಡ್ಬೇಕು. ಸುಮಯ್ಯ ನನ್ನ ರೂಮ್‌ಮೇಟ್, ಆಲೂರಿನವಳು. ಮೊದಲ್ನೇ ವರ್ಷ ನಂಗೆ ಬಾಯೇ ಇರ್ಲಿಲ್ಲ, ಇಡೀ ಕ್ಲಾಸಲ್ಲಿ ಮಾತಾಡ್ತಿದ್ದದ್ದು ಅವಳೊಬ್ಬಳ ಜೊತೆ. ಊಟಕ್ಕೆ ಹೋಗೋಕೂ ಅವಳು ಬೇಕು.

ಒಂದ್ಸಲ ಊರಿಂದ ಹಾಸ್ಟೆಲಿಗೆ ವಾಪಸ್ ಹೋಗಿ, ಸೋಮವಾರ, ಅಲ್ಲ, ಮಂಗಳವಾರ, ಹೆಗ್ಗದ್ದೆ ಬಸ್ಸು ತಪ್ಪಿತ್ತಲ್ಲ, ಮೂಳೆ ಚೀಲ ಬಿಚ್ಚಿ ನೋಡ್ತೀನಿ, ಕತ್ತಿನ ಕೆಳಗಿನ ಕಾಲರ್‌ಬೋನ್ ಇಲ್ಲ! ಗುರುವಾರ ವೈವಾ, ಮೂಳೆ ಕೈಗೆ ಕೊಟ್ಟು ಬಾಯಲ್ಲೇ ಕೇಳೋ ಪರೀಕ್ಷೆ. ಯಾವಾಗ್ಲೂ ಮೂಳೆ ತಿರುಗಿಸೋ ಸುಮಯ್ಯಳನ್ನ ಕೇಳ್ಬೋದಿತ್ತು. ಕೇಳ್ಲಿಲ್ಲ. ಸುಮ್ನೆ ನೋಡ್ತಾ ಇದ್ದೆ. ಅವಳು ಪೆಟ್ಟಿಗೆಗೆ ಬೀಗ ಹಾಕಿದ್ರೆ ಯಾಕೆ ಹಾಕಿದ್ಲು? ಹಾಕ್ದಿದ್ರೆ, ನಂಗೆ ಅನುಮಾನ ಬರ್ಬಾರ್ದು ಅಂತಾನಾ? ಬಿಸ್ಕತ್ತು ಕೊಟ್ರೆ ಇವತ್ತೇ ಯಾಕೆ? ಬುಧವಾರ ಅವಳು ಸ್ನಾನಕ್ಕೆ ಹೋದ ತಕ್ಷಣ ಪೆಟ್ಟಿಗೆ ತೆಗೆದೇಬಿಟ್ಟೆ. ತಿರುಗಿದ್ರೆ ಬಾಗಿಲಲ್ಲಿ ಅವಳು, ಹೆಗಲ ಮೇಲೆ ಟವೆಲ್.

"ಸೋಪು ಮರ್ತಿದ್ದೆ" ಅಂದ್ಲು. ಆಮೇಲೆ, "ಕೇಳಿದ್ರೆ ನಾನೇ ಸುರಿದು ತೋರಿಸ್ತಿರ್ಲಿಲ್ವಾ ಮಾರಾಯ್ತಿ?"

ಸಂಜೆಗೆ ಬೇರೆ ರೂಮಿಗೆ ಹೋದ್ಲು. ವೈವಾ ಹೇಗಾಯ್ತು ಅಂತ ಕೇಳ್ಬೇಡ.

ಮುಂದಿನ ರಜೆಗೆ ಬಂದಾಗ ಅಜ್ಜಿ ಇದೇ ಜಗಲೀಲಿ ಅವರೆಕಾಯಿ ಸುಲೀತಾ ಅಂದ್ರು, "ಬೈಬ್ಯಾಡ ಕಣವ್ವ. ಹೋದ್ಸಲ ನಿನ್ ಬಿಳೀ ಕೋಟು ಒಗೀವಾಗ ಜೇಬಲ್ಲಿ ಏನೋ ಕಲ್ಲಿಗೆ ಟಕ್ ಅಂತು. ನೋಡಿದ್ರೆ ಮನುಷ್ರುದು! ಯಾರ್ ಮನೆ ಮಗಳೋ ಏನೋ, ಮಣ್ಣು ಕಾಣ್ದೆ ನಿನ್ ಜೇಬಲ್ಲಿ ಅಲೀತೈತೆ. ಬಸರಿ ಮರದ ಬುಡಕ್ಕೆ ಹೂತು ಹಾಲುತುಪ್ಪ ಬಿಟ್ಬುಟ್ಟೆ. ನೀ ಹೆದರ್ಕೋತೀಯ ಅಂತ ಹೇಳ್ಲಿಲ್ಲ."

ಹೌದು ಕಣೇ, ಶನಿವಾರ ಕ್ಲಾಸಿಂದ ಹಾಗೇ ಜೇಬಲ್ಲಿಟ್ಕೊಂಡು ಬಸ್ ಹತ್ತಿದ್ದೆ, ನಾನೇ.

"ಅಗೆದು ಕೊಡಜ್ಜಿ!"

"ಹೋದೋರ್ನ ಎರಡ್ಸಲ ಕಳಿಸೋಕಾಯ್ತದಾ? ಸುಮ್ಕಿರು."

ಈಗ ಹೇಳು, ನಮ್ಮಜ್ಜಿ ಮೂಳೆಗೆ ತಿಥಿ ಮಾಡಿದ್ರು ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಹೇಳ್ತಿರೋದು ಚಿನ್ನು, ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕೋ ಮುಂಚೆ ನಿನ್ನ ಕೋಟಿನ ಜೇಬು ಎಲ್ಲೆಲ್ಲಿ ಹೋಗಿ ಬಂತು ಅಂತ ನೆನೆಸ್ಕೋ. ವಾಪಸ್ ಹೋದ ದಿನಾನೇ ಮೆಸ್ಸಲ್ಲಿ ಅವಳೆದುರು ಕೂತು ಎಲ್ಲಾ ಹೇಳಿದೆ. ಚಮಚ ಬೆರಳ ಮಧ್ಯೆ ತಿರುಗಿಸ್ತಾ ಕೇಳಿಸ್ಕೊಂಡ್ಲು, ತಟ್ಟೆ ಎತ್ಕೊಂಡು ಎದ್ದು ಹೊರಟ್ಲು. ಹಿಂದಿಂದ ಕೂಗಿದೆ, ನಾನು, ಇಡೀ ಮೆಸ್ಸಿಗೆ ಕೇಳೋ ಹಾಗೆ:

"ಸುಮಯ್ಯಾ, ರೂಮಿಗೆ ವಾಪಸ್ ಬಾರೇ!"