ಕಡ್ಡಿಯ ತೂಕ

ಕುಕ್ಕರ್ ಕೂಗುವಷ್ಟರಲ್ಲಿ ಇದನ್ನು ಬರೆದಿಡುತ್ತೇನೆ. ಬೆಳಿಗ್ಗೆ ನಮ್ಮ ಬೆಕ್ಕಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ. ಪಶುವೈದ್ಯರ ಹೊರಕೋಣೆಯ ಬೆಂಚಿನಲ್ಲಿ ಮಾವ, ಸೊಸೆ ಕೂತಿದ್ದರು. ಅವರ ಕಾಲಬಳಿ ಎರಡು ನಾಯಿ, ಗುಂಡ ಮತ್ತು ಕಡ್ಡಿ. ಯಾವುದು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ಕಡ್ಡಿ ಹನ್ನೆರಡು ಕೆಜಿ ಮುಟ್ಟದಿದ್ರೆ ಹೊಟ್ಟೆಗಂಟಿನ ಆಪರೇಷನ್‌ಗೆ ಇವತ್ತೂ ದಿನ ಕೊಡಲ್ಲ, ಮಾವ."

"ಮುಟ್ಟಿರ್ತಾಳೆ. ಆರು ವಾರ ಅವಳ ಬಟ್ಟಲ ಮುಂದೆ ಕೂತಿದ್ದೀನಿ."

"ಮೊದಲು ಅದೇ ಬಟ್ಟಲನ್ನ ಗುಂಡ ನೆಕ್ಕಿ ಮುಗಿಸ್ತಿದ್ದ. ನೀವು, ಕಡ್ಡಿ ಚೆನ್ನಾಗಿ ತಿಂದ್ಲಮ್ಮ ಅಂತಿದ್ರಿ."

"ಬಟ್ಟಲು ಖಾಲಿಯಿದ್ರೆ ಇನ್ನೇನು ಅಂದ್ಕೊಳ್ಳಲಿ?"

"ಗುಂಡನ್ನ ಬಚ್ಚಲಲ್ಲಿ ಕೂಡಿಹಾಕಿದ ಮೇಲಲ್ವಾ ಗೊತ್ತಾಗಿದ್ದು."

"ಅವನು ಅತ್ತಿದ್ದು ಕೇಳಿ ಪಕ್ಕದ ಮನೆಯವರೂ ಬಂದ್ರು."

"ನೀವೂ ಅತ್ರಂತೆ. ಅತ್ತೆ ಹೇಳಿದ್ರು."

"ನಿಮ್ಮತ್ತೆಗೆ ಬೇರೆ ಕೆಲಸ ಇಲ್ಲ. ಕಡ್ಡಿ ತಿಂದು ಮುಗಿಸೋವರೆಗೂ ಚಿಲಕ ತೆಗೆದ್ನಾ, ಹೇಳು."

ಸಹಾಯಕಿ ಬಂದು ಕಡ್ಡಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು.

"ಹನ್ನೆರಡು ಕಾಲು."

"ಸ್ವಲ್ಪ ಜೋರಾಗಿ ಹೇಳಮ್ಮ. ನಮ್ಮ ಸೊಸೆಗೆ ಕಿವಿ ಮಂದ."

"ನನ್ನ ಕಿವಿ ಸರಿಯಾಗೇ ಇದೆ. ಸಿಸ್ಟರ್, ಈ ಆರು ವಾರದಲ್ಲಿ ಏರಿದ ಮೂರು ಕೆಜಿ ನಮ್ಮ ಮಾವ ಪಕ್ಕದಲ್ಲೇ ಕೂತು ತಿನ್ನಿಸಿದ್ದು. ಡಾಕ್ಟ್ರಿಗೆ ಹೇಳಿ."

"ಒಳಗೆ ಕರ್ಕೊಂಡು ಬನ್ನಿ. ನೀವೇ ಹೇಳುವಿರಂತೆ."

ಮುದುಕರು ಬಗ್ಗಿ ಕಡ್ಡಿಯನ್ನು ತೋಳಿಗೆ ತೆಗೆದುಕೊಂಡರು.

"ಮಾವ, ಸೊಂಟ ಹಿಡ್ಕೊಳ್ಳತ್ತೆ. ನಡೀತಾಳೆ ಬಿಡಿ."

"ಒಣಗಿದ್ದಾಗ ಎತ್ತೋಕೆ ಭಯ ಆಗ್ತಿತ್ತು ಕಣಮ್ಮ. ಈಗ ಎತ್ಕೋತೀನಿ."

ಸೊಸೆ ಗುಂಡನ ಹಗ್ಗ ಹಿಡಿದು, ಅವರಿಗಾಗಿ ಒಳಕೋಣೆಯ ಬಾಗಿಲು ತೆರೆದಳು.