ಹೊಸ ಬ್ರೇಕಿನ ಮುಲಾಜು

ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಿದ್ದ ಟೀಚರಮ್ಮನಿಗೆ ಪಕ್ಕದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಕಾರಿನ ಬ್ರೇಕಿನ ಡಿಸ್ಕು, ಪ್ಯಾಡು ಎಲ್ಲ ಹೊಸದು, ನಾನೇ ಕೂತು ಹಾಕಿದ್ದು. ಆದ್ರೂ ಬ್ರೇಕ್ ಹಿಡೀತಿಲ್ಲ," ಎಂದ ಗಂಡ.

"ನಿನ್ನೆ ಅತ್ತೆ ಓಡಿಬಂದು ಗೇಟು ತೆಗೀದೇ ಇದ್ದಿದ್ರೆ ಇವತ್ತು ಗೇಟೇ ಇರ್ತಿರ್ಲಿಲ್ಲ," ಎಂದಳು ಹೆಂಡತಿ.

ಮೆಕ್ಯಾನಿಕ್ ಚಕ್ರದ ಬಳಿಯಿಂದ ಎದ್ದ. "ಹಾಕಿರೋದು ಸರಿಯಾಗೇ ಇದೆ. ಆದ್ರೆ ಹೊಸ ಪ್ಯಾಡು ಡಿಸ್ಕಿಗೆ ಉಜ್ಜಿ ಉಜ್ಜಿ ಪಳಗಬೇಕು. ಒಂದ್ಸಲನಾದ್ರೂ ಜೋರಾಗಿ ಒತ್ತಿದ್ರಾ?"

"ಅಯ್ಯೋ, ಸವೆದುಹೋಗಲ್ವಾ? ಗೇರಲ್ಲೇ ನಿಧಾನ ಮಾಡ್ತಿದ್ದೆ."

"ಕೇಳಿದ್ರಾ?" ಎಂದಳು ಹೆಂಡತಿ ಮೆಕ್ಯಾನಿಕ್‌ಗೆ. "ಮನೇಲಿ ಹೊಸ ಸೋಫಾದ ಪ್ಲಾಸ್ಟಿಕ್ಕೂ ತೆಗೆಯೋಕೆ ಬಿಟ್ಟಿಲ್ಲ ಇವ್ರು. ಸೆಕೆಗೆ ಮೈಗೆ ಅಂಟ್ಕೊಂಡು, ನಾವು ಎದ್ರೆ ಸೋಫಾನೂ ಜೊತೆಗೆ ಏಳುತ್ತೆ."

ಟೀಚರಮ್ಮ ನಗು ನುಂಗಿಕೊಳ್ಳಲು ಕೆಮ್ಮಿದಳು.

"ಖಾಲಿ ರಸ್ತೇಲಿ ನಾಲ್ಕಾರು ಸಲ ಗಟ್ಟಿಯಾಗಿ ಒತ್ತಿ, ಸರಿಹೋಗುತ್ತೆ," ಎಂದ ಮೆಕ್ಯಾನಿಕ್.

ಗಂಡನ ಮುಖ ಬಾಡಿತು. ಹೆಂಡತಿ ಅವನ ಕೈಯಿಂದ ಕೀಲಿ ಕಿತ್ತುಕೊಂಡಳು.

"ನಾನು ಒತ್ತೀನಿ. ನೀವು ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ."

ಕಾರು ಹೊರಟಿತು. ಸ್ವಲ್ಪ ಹೊತ್ತಿಗೆ ಹಿಂದಿನ ರಸ್ತೆಯಿಂದ ಕಿರ್ರೆಂಬ ಸದ್ದು, ಅದರ ಬೆನ್ನಿಗೇ ಗಂಡನ ಕೂಗು ಕೇಳಿಸಿತು:

"ಮೆಲ್ಲಗೆ ಕಣೇ, ಟೈರೂ ಹೊಸದು!"